ಗಟಾರದ ಅರ್ಜಿ

ಬೆಳಗಾವಿಯಲ್ಲಿ ಬೆಳಿಗ್ಗೆಯಿಂದ ಜಿಟಿಜಿಟಿ ಮಳೆ. ನಮ್ಮ ಓಣಿಯ ಗಟಾರ ಮತ್ತೆ ಉಕ್ಕಿದೆ. ಸಂಬಂಧಪಟ್ಟವರಿಗೆ ಅರ್ಜಿ ಬರೆಯಲು ಕೂತೆ. 'ಮಾನ್ಯರೇ' ಆಯ್ತು, 'ತಮ್ಮಲ್ಲಿ ವಿನಂತಿ' ಆಯ್ತು, ಮುಂದೆ ಪೆನ್ನು ಓಡಲಿಲ್ಲ. ಬಿರುಸಾಗಿ ಬರೆದರೆ ಸಿಟ್ಟಾಗುತ್ತಾರೆ, ಮೆತ್ತಗೆ ಬರೆದರೆ ಓದುವುದೇ ಇಲ್ಲ.

ಆಗ ನೆನಪಾಗಿದ್ದು ಮಧ್ಯ ಅಮೆರಿಕದ ಪುಟ್ಟ ದೇಶ ಎಲ್ ಸಾಲ್ವಡಾರ್‌ನ ಆರ್ಚ್‌ಬಿಷಪ್ ಆಸ್ಕರ್ ರೊಮೆರೊ. 1980ರ ಫೆಬ್ರುವರಿಯಲ್ಲಿ ಅವರು ಅಮೆರಿಕದ ಅಧ್ಯಕ್ಷ ಜಿಮ್ಮಿ ಕಾರ್ಟರ್‌ಗೆ ಕಾಗದ ಬರೆದರು. ನೀವು ಕ್ರೈಸ್ತರು, ಮಾನವ ಹಕ್ಕುಗಳ ಮಾತಾಡುವವರು, ಹಾಗಿದ್ದರೆ ಜನರನ್ನು ಹತ್ತಿಕ್ಕುತ್ತಿರುವ ನಮ್ಮ ಸರ್ಕಾರಕ್ಕೆ ಸೇನಾ ನೆರವು ಕೊಡಬೇಡಿ ಅಂತ. ಎಷ್ಟು ನೇರ, ಅಲ್ವಾ? ನನಗೆ ಹಿಡಿಸಿದ್ದು ಇನ್ನೊಂದು. ಕಳಿಸುವ ಮೊದಲು ಆ ಕಾಗದವನ್ನು ಚರ್ಚಿನ ಭಾನುವಾರದ ಪೂಜೆಯಲ್ಲಿ ಜನರೆದುರು ಓದಿದ್ದರು. ಜನ ಚಪ್ಪಾಳೆ ತಟ್ಟಿದರು. ನೆರವು ನಿಲ್ಲಲಿಲ್ಲ. ಮಾರ್ಚ್ 24ರಂದು ಆಸ್ಪತ್ರೆಯೊಂದರ ಪುಟ್ಟ ಚಾಪೆಲ್‌ನಲ್ಲಿ ಪೂಜೆ ನಡೆಸುತ್ತಿದ್ದಾಗಲೇ ಅವರಿಗೆ ಗುಂಡು ಹೊಡೆದರು. 2018ರಲ್ಲಿ ಚರ್ಚು ಅವರನ್ನು ಸಂತರೆಂದು ಸಾರಿತು.

ಗಟಾರಕ್ಕೂ ಅದಕ್ಕೂ ಎಲ್ಲಿಯ ಹೋಲಿಕೆ, ನಗಬೇಡಿ. ಸುಮ್ನೆ ಒಂದು ಉಪಾಯ ಕದ್ದೆ, ಅಷ್ಟೇ. ಮಳೆ ನಿಂತ ಮೇಲೆ ಅರ್ಜಿಯನ್ನು ಕಟ್ಟೆಯ ಮೇಲೆ ಕೂತು ಓಣಿಯವರಿಗೆ ಓದಿದೆ. ಬಾಜೂ ಮನೆಯ ಕಾಕಾ, "'ದಯವಿಟ್ಟು' ನಾಕ್ ಸಲ ಹಾಕೀರಲ್ರೀ, ಎರಡು ತಗೀರಿ" ಎಂದರು. ಮಾವಶಿಯದು ಒಂದೇ ತಕರಾರು: "ಸೊಳ್ಳಿ ವಿಷಯ ಎಲ್ಲೈತಿ?"

ಸೊಳ್ಳೆ ಸೇರಿಸಿದೆ. ಹದಿನಾಲ್ಕು ಸಹಿ ಬಿದ್ದಿವೆ. ಒಂದರ ಮೇಲೆ ಚಹಾದ ಕಲೆ ಇದೆ, ಇರಲಿ. ನಾಳೆ ಕ್ಯಾಂಪಿನ ಕಡೆ ಹೋದಾಗ ಸ್ಪೀಡ್ ಪೋಸ್ಟ್ ಮಾಡುತ್ತೇನೆ.