ವೆಜಲೆ ಗುಡ್ಡದ ಮೇಲೆ ಎರಡು ರಾತ್ರಿ ಉಳಿಯುವುದಾದರೆ

ಶಿವಮೊಗ್ಗ, ಸಾಗರ, ತೀರ್ಥಹಳ್ಳಿ ಕಡೆಯಿಂದ ಯುರೋಪಿಗೆ ಹೋಗಿಬರುವವರು ಈಗ ಕಡಿಮೆಯೇನಿಲ್ಲ. ಮಗನೋ ಮಗಳೋ ಅಲ್ಲಿರುತ್ತಾರೆ, ಅಡಿಕೆ ಕೊಯ್ಲು ಮುಗಿದ ಮೇಲೆ ಅಪ್ಪ ಅಮ್ಮ ಒಂದು ಸುತ್ತು ಹೋಗುತ್ತಾರೆ. ಪ್ಯಾರಿಸ್ ಮೂರು ದಿನ, ಸ್ವಿಟ್ಜರ್ಲೆಂಡಿನ ಹಿಮ ಎರಡು ದಿನ, ವಾಪಸ್ ಊರು. ಆ ಪಟ್ಟಿಯಿಂದ ಎರಡು ರಾತ್ರಿ ತೆಗೆದು ಫ್ರಾನ್ಸಿನ ಬರ್ಗಂಡಿ ಪ್ರಾಂತ್ಯದ ವೆಜಲೆ ಎಂಬ ಹಳ್ಳಿಗೆ ಕೊಡಿ. ರಾತ್ರಿ ಎಂದದ್ದು ಬೇಕೆಂದೇ. ಹಗಲು ಅಲ್ಲಿ ಪ್ರವಾಸಿ ಬಸ್ಸುಗಳು ಬಂದು ನಿಲ್ಲುತ್ತವೆ, ಸಂಜೆಯಾಗುತ್ತಲೇ ಇಳಿದು ಹೋಗುತ್ತವೆ. ಊರು ಊರಿನವರದಾಗುವುದು ಆಮೇಲೆ, ಮರುದಿನ ಬೆಳಿಗ್ಗೆ ಒಂಬತ್ತೂವರೆ ಹತ್ತರ ತನಕ. ಮುಂದೆ ಹೇಳುವ ಎಲ್ಲ ಸಿದ್ಧತೆಯೂ ಆ ಹೊತ್ತಿನಲ್ಲಿ ಗುಡ್ಡದ ಮೇಲೆ ಇರುವುದಕ್ಕಾಗಿ.

ಗುಡ್ಡದ ಎತ್ತರ 302 ಮೀಟರ್. ಸಮುದ್ರಮಟ್ಟದ ಲೆಕ್ಕದಲ್ಲಿ ಶಿವಮೊಗ್ಗ ಪೇಟೆಗಿಂತಲೂ ತಗ್ಗು. ಆದರೆ ಸುತ್ತ ಬಯಲು, ದ್ರಾಕ್ಷಿ ತೋಟ, ಕೆಳಗೆ ಕ್ಯೂರ್ ಹೊಳೆ ಇರುವುದರಿಂದ ಊರು ದೂರದಿಂದಲೇ ಕಾಣುತ್ತದೆ. ನಮ್ಮಲ್ಲಿ ಮನೆ ಕಟ್ಟಿದ್ದು ನೀರು ನೋಡಿಕೊಂಡು: ಕಣಿವೆಯಲ್ಲಿ ತೋಟ, ಅದರ ತಲೆಯಲ್ಲಿ ಮನೆ, ಮೇಲೆ ಸೊಪ್ಪಿನ ಬೆಟ್ಟ. ಗುಡ್ಡದ ನೆತ್ತಿಗೆ ಹೋದದ್ದು ಕವಲೇದುರ್ಗದಂಥ ಕೋಟೆಗಳು ಮಾತ್ರ. ವೆಜಲೆಯ ಸನ್ಯಾಸಿ ಮಠವೂ 9ನೇ ಶತಮಾನದಲ್ಲಿ ಮೊದಲು ಶುರುವಾದದ್ದು ಕೆಳಗೆ ಹೊಳೆಯ ಪಕ್ಕದಲ್ಲೇ, ಈಗಿನ ಸಾಂ-ಪೇರ್ ಹಳ್ಳಿಯಲ್ಲಿ. ಉತ್ತರದ ಕಡಲ ದಾಳಿಕೋರರಾದ ನಾರ್ಮನ್ನರ ದಾಳಿಗೆ ಅದು ಹಾಳಾದ ಮೇಲೆ ಮಠವನ್ನು ಗುಡ್ಡದ ಮೇಲಕ್ಕೆ ಒಯ್ದರು, ಸುತ್ತ ಊರು ಬೆಳೆಯಿತು, ಊರಿಗೆ ಗೋಡೆ ಬಂತು. ರಕ್ಷಣೆ ಸಿಕ್ಕಿತು, ನೀರು ದೂರವಾಯಿತು. ಮಳೆನೀರನ್ನು ನೆಲದಡಿಯ ತೊಟ್ಟಿಗಳಲ್ಲಿ ಹಿಡಿದಿಟ್ಟು ಬದುಕಿದ ಊರು ಅದು. ಗೋಡೆಗೆ ಗೋಡೆ ತಾಗಿಸಿ ಕಟ್ಟಿದ ಮನೆಗಳು ಯಾಕೆ ಹಾಗಿವೆ ಎಂಬುದಕ್ಕೆ ಈ ಇಕ್ಕಟ್ಟೇ ಉತ್ತರ.

ಮೊದಲು ವೀಸಾ. ಫ್ರಾನ್ಸಿಗೆ ಬೇಕಾದದ್ದು ಯುರೋಪಿನ ಹಲವು ದೇಶಗಳಿಗೆ ಒಂದೇ ಆಗಿರುವ ಷೆಂಗೆನ್ ವೀಸಾ. ಹೊರಡುವುದಕ್ಕೆ ಆರು ತಿಂಗಳ ಮೊದಲಿನಿಂದ ಅರ್ಜಿ ಹಾಕಬಹುದು, ಮೊದಲ ಸಲದವರು ಬೆರಳಚ್ಚಿಗಾಗಿ ಬೆಂಗಳೂರಿಗೆ ಖುದ್ದಾಗಿ ಹೋಗಬೇಕು. 2024ರ ಜೂನ್‌ನಿಂದ ದೊಡ್ಡವರ ಶುಲ್ಕ 90 ಯೂರೋ, ಅರ್ಜಿ ಕೇಂದ್ರದ ಸೇವಾ ಶುಲ್ಕ ಬೇರೆ. ಕನಿಷ್ಠ 30,000 ಯೂರೋ ಮೊತ್ತದ ಪ್ರಯಾಣ ವಿಮೆ ಕಡ್ಡಾಯ. ನಿರ್ಧಾರಕ್ಕೆ ಸಾಮಾನ್ಯವಾಗಿ 15 ದಿನ, ಹೆಚ್ಚಿನ ದಾಖಲೆ ಕೇಳಿದರೆ 45ರ ತನಕ ಎಳೆಯಬಹುದು.

ಕೃಷಿಕರಿಗೆ ತೊಡಕಾಗುವುದು ಆದಾಯ ತೋರಿಸುವಲ್ಲಿ. ಸಂಬಳದ ಚೀಟಿ ಇಲ್ಲ, ಕೃಷಿ ಆದಾಯಕ್ಕೆ ತೆರಿಗೆ ಇಲ್ಲವೆಂದು ಎಷ್ಟೋ ಜನ ರಿಟರ್ನ್ಸ್ ಹಾಕಿಯೇ ಇರುವುದಿಲ್ಲ. ಅದರ ಮೇಲೆ ಅರ್ಜಿಗೆ ಹದಿನೈದು ದಿನ ಮೊದಲು ಅಡಿಕೆ ಮಾರಿದ ಹಣ ಒಂದೇ ಕಂತಿನಲ್ಲಿ ಖಾತೆಗೆ ಬಂದು ಬೀಳುತ್ತದೆ. ಕಡತ ನೋಡುವವರಿಗೆ ಅದು ವೀಸಾಕ್ಕಾಗಿ ಎಲ್ಲಿಂದಲೋ ತಂದು ತುಂಬಿದ ಹಣದಂತೆ ಕಾಣುತ್ತದೆ. ಮಂಡಿಯ ಅಥವಾ ಸೊಸೈಟಿಯ ಮಾರಾಟದ ಬಿಲ್ಲು, ಪಹಣಿ, ಎರಡು ಮೂರು ವರ್ಷದ ಹಳೆಯ ಬಿಲ್ಲುಗಳನ್ನೂ ಇಂಗ್ಲಿಷಿಗೆ ಅನುವಾದ ಮಾಡಿಸಿ ಜೊತೆಗಿಡಿ. ವರ್ಷಕ್ಕೊಮ್ಮೆ ದೊಡ್ಡ ಮೊತ್ತ ಬರುವುದು ಬೆಳೆಯ ಸ್ವಭಾವ ಎಂದು ಒಂದು ಪುಟದ ಪತ್ರದಲ್ಲಿ ಬರೆಯಿರಿ. ವಿನಾಯಿತಿ ಇರುವ ಕೃಷಿ ಆದಾಯವನ್ನೂ ರಿಟರ್ನ್ಸ್‌ನಲ್ಲಿ ತೋರಿಸಲು ಜಾಗವಿದೆ. ಮುಂದಿನ ವರ್ಷ ಹೋಗುವ ಆಲೋಚನೆ ಇದ್ದರೆ ಈ ವರ್ಷವೇ ಸಲ್ಲಿಸಿಡಿ.

ಕಾಲ ಆರಿಸುವಾಗ ಮೇ ಅಥವಾ ಸೆಪ್ಟೆಂಬರ್ ನೋಡಿ, ಅದರಲ್ಲೂ ಮಂಗಳವಾರದಿಂದ ಗುರುವಾರದ ಒಳಗೆ. ಮೇ 1 ಮತ್ತು 8 ಅಲ್ಲಿ ಸಾರ್ವಜನಿಕ ರಜೆ. ಆಸುಪಾಸಿನ ದಿನಗಳಲ್ಲಿ ಪ್ಯಾರಿಸ್ಸಿನವರೇ ಹಳ್ಳಿಗೆ ಬರುತ್ತಾರೆ. ಜುಲೈ 22 ಊರಿನ ಚರ್ಚಿನ ದೇವತೆ ಮಗ್ದಲದ ಮರಿಯಳ ಹಬ್ಬ, ಆಗಲೂ ಜನ. ಚಳಿಗಾಲದಲ್ಲಿ ಮೌನ ಸಿಗುತ್ತದೆ, ಆದರೆ ಹಗಲು ಎಂಟೇ ಗಂಟೆ, ವಸತಿ ಮತ್ತು ಹೋಟೆಲುಗಳಲ್ಲಿ ಬಹುಪಾಲು ಮುಚ್ಚಿರುತ್ತವೆ. ವಯಸ್ಸಾದವರನ್ನು ಆಗ ಕರೆದೊಯ್ಯಬೇಡಿ.

ದಾರಿ ಹೀಗೆ. ಪ್ಯಾರಿಸ್ ಚಾರ್ಲ್ಸ್ ಡಿ ಗಾಲ್ ವಿಮಾನ ನಿಲ್ದಾಣದಿಂದ ಆರ್‌ಇಆರ್ ಬಿ ರೈಲಿನಲ್ಲಿ ಷಾಟ್ಲೆ, ಅಲ್ಲಿಂದ ಮೆಟ್ರೋ 14ರಲ್ಲಿ ಬೆರ್ಸಿ. ಬೆರ್ಸಿಯ ದೊಡ್ಡ ನಿಲ್ದಾಣದಿಂದ ಅವಲೋನ್ ಕಡೆಯ ರೈಲು ಹಿಡಿದು ಸೆರ್ಮಿಜೆಲ್-ವೆಜಲೆಯಲ್ಲಿ ಇಳಿಯಬೇಕು. ಪ್ರಯಾಣ ಸುಮಾರು ಎರಡೂವರೆ ಗಂಟೆ. ಕೆಲವು ರೈಲುಗಳಿಗೆ ನಡುವೆ ಬದಲಾವಣೆ ಇರುತ್ತದೆ. ಹೆಸರಿನಲ್ಲಿ ವೆಜಲೆ ಇದ್ದರೂ ನಿಲ್ದಾಣದಿಂದ ಊರು 10 ಕಿ.ಮೀ. ದೂರ, ಹೊರಗೆ ಆಟೋ ಸ್ಟ್ಯಾಂಡಿನಂಥದ್ದೇನೂ ಇಲ್ಲ. ಹೆಚ್ಚಿನವರು ಸಿಕ್ಕಿಬೀಳುವುದು ಇಲ್ಲೇ. ಉಳಿಯುವ ಮನೆಯವರಿಗೆ ವಾರ ಮೊದಲೇ ರೈಲಿನ ಸಮಯ ಬರೆದು ಟ್ಯಾಕ್ಸಿ ಹೇಳಿಸಿ. ಕಾರು ಬಾಡಿಗೆಗೆ ಹಿಡಿಯುವುದಾದರೆ ನಮ್ಮ ಆರ್‌ಟಿಒ ಕೊಡುವ ಅಂತರರಾಷ್ಟ್ರೀಯ ಚಾಲನಾ ಪರವಾನಗಿ ಒಯ್ಯಿರಿ. ಅಲ್ಲಿ ಓಡಿಸುವುದು ರಸ್ತೆಯ ಬಲಕ್ಕೆ. ಅದಕ್ಕಿಂತ ಮುಖ್ಯವಾಗಿ, ಯಾವ ಫಲಕವೂ ಇಲ್ಲದ ಕೂಡುರಸ್ತೆಯಲ್ಲಿ ಬಲಗಡೆಯಿಂದ ಬರುವವರಿಗೆ ಮೊದಲ ಹಕ್ಕು, ಅವರು ಸಣ್ಣ ಗಲ್ಲಿಯಿಂದ ಬಂದರೂ ಸರಿ. ಹಳ್ಳಿಯ ಹೆಸರಿನ ಫಲಕ ದಾಟಿದ ಕೂಡಲೇ ವೇಗದ ಮಿತಿ ಗಂಟೆಗೆ 50 ಕಿ.ಮೀ., ಬೇರೆ ಮಿತಿಯ ಫಲಕ ಇಲ್ಲದಿದ್ದರೆ.

ಸಾಮಾನು ಕಡಿಮೆ ಇರಲಿ. ಊರಿನ ಬುಡದ ಮೈದಾನದಿಂದ ಮೇಲಿನ ಚರ್ಚಿನ ತನಕ ಒಂದೇ ಮುಖ್ಯ ಬೀದಿ, ಉದ್ದಕ್ಕೂ ಏರು. ನಿಧಾನವಾಗಿ ನಡೆದರೆ ಕಾಲು ಗಂಟೆ. ಕಲ್ಲು ಹಾಸಿನ ಮೇಲೆ ಚಕ್ರದ ಸೂಟ್‌ಕೇಸ್ ಎಳೆದರೆ ಚಕ್ರ ಹೋಗುತ್ತದೆ, ಇಡೀ ಬೀದಿಗೆ ಸದ್ದು ಕೇಳುತ್ತದೆ. ಬೆನ್ನಿಗೆ ಹಾಕುವ ಚೀಲ ಸಾಕು. ಮಳೆ ಬಂದರೆ ಕಲ್ಲು ಜಾರುತ್ತದೆ. ಹವಾಯಿ ಚಪ್ಪಲಿ ಬೇಡ, ಹಿಡಿತ ಇರುವ ಶೂ ಹಾಕಿ. ನೆಲದಲ್ಲಿ ಅಲ್ಲಲ್ಲಿ ಲೋಹದ ಚಿಪ್ಪಿನ ಗುರುತು ಕಾಣುತ್ತದೆ. ಸ್ಪೇನಿನ ಸಾಂಟಿಯಾಗೋಗೆ ಕಾಲ್ನಡಿಗೆಯಲ್ಲಿ ಹೋಗುವ ಯಾತ್ರಿಕರ ದಾರಿಗಳಲ್ಲಿ ಒಂದು ಇಲ್ಲಿಂದಲೇ ಹೊರಡುತ್ತದೆ.

ಊಟದ ವಿಷಯದಲ್ಲಿ ಮುಂಚಿತವಾಗಿ ಯೋಚಿಸದಿದ್ದರೆ ಹಸಿದುಕೊಂಡು ಮಲಗಬೇಕಾಗುತ್ತದೆ. ಮಧ್ಯಾಹ್ನದ ಊಟ 12ರಿಂದ 2ರ ಒಳಗೆ, ಆಮೇಲೆ ಅಡುಗೆಮನೆ ಮುಚ್ಚುತ್ತದೆ. ರಾತ್ರಿ 7ರ ಮೊದಲು ಏನೂ ಇಲ್ಲ. ಭಾನುವಾರ ಮಧ್ಯಾಹ್ನದ ನಂತರ ಮತ್ತು ಸೋಮವಾರ ಹಳ್ಳಿಯ ಅಂಗಡಿಗಳು ಬಹುತೇಕ ಬಂದ್. ಶಾಂಬ್ರ್ ದೋತ್ ಎನ್ನುವ ಮನೆವಸತಿಯಲ್ಲಿ ಬೆಳಗಿನ ತಿಂಡಿ ಸೇರಿರುತ್ತದೆ. ರಾತ್ರಿ ಊಟ ಬೇಕಾದರೆ ಕೋಣೆ ಕಾಯ್ದಿರಿಸುವಾಗಲೇ ಹೇಳಬೇಕು.

ಸಸ್ಯಾಹಾರಿಗಳು ‘ಸಾಂ ವಿಯಾಂದ್, ಸಾಂ ಪ್ವಾಸೋಂ’ ಎಂದು, ಅಂದರೆ ಮಾಂಸ ಬೇಡ, ಮೀನು ಬೇಡ ಎಂದು, ಎರಡನ್ನೂ ಹೇಳಿ. ಬರೀ ಸಸ್ಯಾಹಾರಿ ಎಂದರೆ ಮೀನು ಬರುವುದುಂಟು. ಈರುಳ್ಳಿ ಸೂಪಿನ ಬುಡದಲ್ಲಿ ಸಾಮಾನ್ಯವಾಗಿ ದನದ ಮೂಳೆಯ ಸಾರು ಇರುತ್ತದೆ, ಬೇಳೆ ಮತ್ತು ಸಲಾಡಿನಲ್ಲಿ ಹಂದಿಮಾಂಸದ ಚೂರು. ಕಟ್ಟುನಿಟ್ಟಿನವರಿಗೆ ಇನ್ನೊಂದು ಮಾತು: ಸಾಂಪ್ರದಾಯಿಕ ಚೀಸುಗಳಲ್ಲಿ ಹೆಚ್ಚಿನವಕ್ಕೆ ಹಾಲು ಒಡೆಸಲು ಕರುವಿನ ಹೊಟ್ಟೆಯಿಂದ ತೆಗೆದ ರೆನೆಟ್ ಬಳಸುತ್ತಾರೆ. ನೆಚ್ಚಬಹುದಾದದ್ದು ಬ್ರೆಡ್ಡು. ‘ಟ್ರಾಡಿಸಿಯೋಂ’ ಎಂದು ಕೇಳಿ ತೆಗೆದುಕೊಳ್ಳುವ ಬಗೆಟ್‌ಗೆ 1993ರ ಸರ್ಕಾರಿ ನಿಯಮವಿದೆ, ಗೋಧಿ ಹಿಟ್ಟು, ನೀರು, ಉಪ್ಪು, ಹುದುಗು ಇವೇ ಅದರ ಜೀವಾಳ.

ಮನೆಯಿಂದ ಕಟ್ಟಿಕೊಂಡು ಹೋಗುವವರು ಗಮನಿಸಿ. ಹಾಲಿನ ಪದಾರ್ಥಗಳನ್ನು ನಮ್ಮ ದೇಶದಿಂದ ಒಯ್ಯುವಂತಿಲ್ಲ. ತುಪ್ಪ, ಪೇಡ ಮನೆಯಲ್ಲೇ ಇರಲಿ, ಮಜ್ಜಿಗೆ ಮೆಣಸೂ ಬೇಡ. ಹಸಿ ಕರಿಬೇವು, ವೀಳ್ಯದೆಲೆಗೆ ಸಸ್ಯ ಆರೋಗ್ಯ ಪ್ರಮಾಣಪತ್ರ ಬೇಕು, ಹಾಗಾಗಿ ಕವಳದ ಅಭ್ಯಾಸದವರು ಮನಸ್ಸು ಗಟ್ಟಿ ಮಾಡಿಕೊಳ್ಳಬೇಕು. ಅವಲಕ್ಕಿ, ಚಟ್ನಿಪುಡಿ, ಗೊಜ್ಜಿನ ಪುಡಿ ತೊಂದರೆಯಿಲ್ಲ. ಅಪ್ಪೆಮಿಡಿ ಉಪ್ಪಿನಕಾಯಿಯ ಡಬ್ಬಿ ಕೈಚೀಲದಲ್ಲಿದ್ದರೆ ತಪಾಸಣೆಯಲ್ಲಿ ದ್ರವವೆಂದು ತೆಗೆದಿಡುತ್ತಾರೆ. ಎರಡು ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿ ದೊಡ್ಡ ಪೆಟ್ಟಿಗೆಗೆ ಹಾಕಿ. ನಲ್ಲಿ ನೀರು ಕುಡಿಯಬಹುದು.

ಅಂಗಡಿಗೆ ಕಾಲಿಟ್ಟ ಕೂಡಲೇ ‘ಬೋಂಜೂರ್’ ಹೇಳಿ, ಆಮೇಲೆ ಬೇಕಾದ್ದು ಕೇಳಿ. ಹೇಳದೆ ನೇರ ಕೇಳಿದರೆ ಅವರ ಮುಖ ಬಿಗಿಯುತ್ತದೆ. ಜಗುಲಿ ಹತ್ತಿದವರು ಮಾತಾಡಿಸದೆ ಒಳಗೆ ನುಗ್ಗಿದರೆ ನಮಗೂ ಹಾಗೇ ಆಗುವುದು.

ಚರ್ಚನ್ನು ಎರಡು ಸಲ ನೋಡಿ, ಬೆಳಿಗ್ಗೆ ಬೇಗ ಒಮ್ಮೆ, ಸಂಜೆಯ ಪ್ರಾರ್ಥನೆಗೆ ಒಮ್ಮೆ. 1120ರ ಬೆಂಕಿಯ ನಂತರ ಕಟ್ಟಿದ ಉದ್ದನೆಯ ಒಳಾಂಗಣ ಇದು, 1979ರಿಂದ ಯುನೆಸ್ಕೋ ಪಟ್ಟಿಯಲ್ಲಿದೆ. ಕಾಲವನ್ನು ನಮ್ಮ ಕಣ್ಣಿಗೆ ಹೊಂದಿಸಿಕೊಳ್ಳಬೇಕೆಂದರೆ ಬಳ್ಳಿಗಾವಿಯನ್ನು ನೆನೆಯಿರಿ. ಅಲ್ಲಿನ ಕೋಡಿಯಮಠವನ್ನು ವಿದ್ಯೆಯ, ಅನ್ನದಾನದ ನೆಲೆಯೆಂದು ಹೊಗಳುವ ಶಾಸನ 1162ರದು. ಎರಡೂ ಕಡೆ ಕಲ್ಲು ಕೆತ್ತುವವರು ಒಂದೇ ಶತಮಾನದಲ್ಲಿ ಕೆಲಸ ಮಾಡುತ್ತಿದ್ದರು. ಮುಂಭಾಗದ ಮೊಗಸಾಲೆ ದಾಟುವ ಮುನ್ನ ಒಳಬಾಗಿಲ ಮೇಲಿನ ದೊಡ್ಡ ಕೆತ್ತನೆಗೆ ಹತ್ತು ನಿಮಿಷ ಕೊಡಿ. ಕ್ರಿಸ್ತನ ಸುತ್ತ ಲೋಕದ ಅಂಚಿನ ಜನರೆಲ್ಲ ಇದ್ದಾರೆ: ಮೊರದಗಲ ಕಿವಿಯವರು, ಏಣಿ ಹಾಕಿ ಕುದುರೆ ಹತ್ತುವ ಕುಳ್ಳರು, ನಾಯಿ ಮುಖದವರು. ನಾಯಿ ಮುಖದವರ ಊರು ಭಾರತ ಎಂದು ಗ್ರೀಕ್ ಲೇಖಕ ಕ್ಟೀಸಿಯಸ್ ಬರೆದಿದ್ದ. ಆ ಗುಂಪಿನಲ್ಲಿ ನಮ್ಮನ್ನೂ ಹೀಗೆ ಕಲ್ಪಿಸಿಕೊಂಡಿದ್ದರು ಎಂದು ತಿಳಿದು ನೋಡುವಾಗ ಅದು ಪರದೇಶದ ಕೆತ್ತನೆಯಾಗಿ ಉಳಿಯುವುದಿಲ್ಲ. ಒಳಗಿನ ಕಂಬದ ತಲೆಗಳಲ್ಲಿ ಬೀಸುಕಲ್ಲಿನದನ್ನು ಹುಡುಕಿ, ಒಬ್ಬ ಕಾಳು ಸುರಿಯುತ್ತಾನೆ, ಇನ್ನೊಬ್ಬ ಹಿಟ್ಟು ತುಂಬಿಕೊಳ್ಳುತ್ತಾನೆ.

ಜೂನ್ 21ರ ಆಸುಪಾಸು ಹೋಗುವವರಿಗೆ: ಕಿಟಕಿಗಳಿಂದ ಬಿದ್ದ ಬಿಸಿಲ ಮಚ್ಚೆಗಳು ಚರ್ಚಿನ ಒಳಾಂಗಣದ ನಟ್ಟನಡುವೆ ಸಾಲಾಗಿ ನಿಲ್ಲುವುದು ಸೂರ್ಯನ ಮಧ್ಯಾಹ್ನಕ್ಕೆ. ಬೇಸಿಗೆಯಲ್ಲಿ ಅಲ್ಲಿನ ಗಡಿಯಾರ ಮುಂದಿರುವುದರಿಂದ ಅದು ಸುಮಾರು 1:45. ಹನ್ನೆರಡಕ್ಕೆ ಹೋಗಿ ನೋಡಿ ಏನೂ ಕಾಣಲಿಲ್ಲ ಎಂದು ಇಳಿಯಬೇಡಿ.

ಮುಖ್ಯ ಬೀದಿಯಲ್ಲಿ ರೊಮೇ ರೋಲಾ ಇದ್ದ ಮನೆ ಇದೆ. ರಾಮಕೃಷ್ಣ, ವಿವೇಕಾನಂದ, ಗಾಂಧಿ ಮೂವರ ಜೀವನಚರಿತ್ರೆಯನ್ನೂ ಬರೆದು ಯುರೋಪಿಗೆ ಪರಿಚಯಿಸಿದ ಲೇಖಕ. 1938ರಲ್ಲಿ ಇಲ್ಲಿಗೆ ಬಂದು, 1944ರ ಡಿಸೆಂಬರ್ 30ರಂದು ಇಲ್ಲೇ ತೀರಿಕೊಂಡರು. ಮನೆ ಈಗ ಜೆರ್ವೋಸ್ ಕಲಾ ಸಂಗ್ರಹಾಲಯ, ಚಳಿಗಾಲದಲ್ಲಿ ಮುಚ್ಚಿರುತ್ತದೆ. ಆಶ್ರಮದ ಪುಸ್ತಕದಂಗಡಿಯಲ್ಲಿ ಅವರ ಹೆಸರು ನೋಡಿದ ನಮ್ಮವರು ಇದನ್ನು ತಪ್ಪಿಸಿಕೊಳ್ಳಬಾರದು.

ಎರಡನೆಯ ದಿನ ಬೆಳಿಗ್ಗೆ ಊರ ಗೋಡೆಯ ಹೊರಗಿನ ದಾರಿಯಲ್ಲಿ ಒಂದು ಸುತ್ತು ಬಂದು, ಸಾಂತ್-ಕ್ರ್ವಾ ಬಾಗಿಲಿನಿಂದ ಇಳಿಯುವ ಕಾಲುದಾರಿಯಲ್ಲಿ ಲಾ ಕೋರ್ದೆಲ್ ಎಂಬ ಪುಟ್ಟ ಪ್ರಾರ್ಥನಾಮಂದಿರಕ್ಕೆ ಹೋಗಿ. 1146ರಲ್ಲಿ ಸಂತ ಬರ್ನಾರ್ಡ್ ಎರಡನೇ ಧರ್ಮಯುದ್ಧಕ್ಕೆ (ಕ್ರೂಸೇಡ್) ಕರೆ ಕೊಟ್ಟದ್ದು ಈ ಇಳಿಜಾರಿನಲ್ಲಿ. ಮಂಡಿನೋವಿನವರು ಮಾತ್ರ ಮೇಲಿನ ಚರ್ಚಿನ ಹಿಂದಿನ ಕಟ್ಟೆಯಲ್ಲೇ ಕೂತುಕೊಳ್ಳಲಿ, ಕಣಿವೆಯೂ ಮೊರ್ವಾನ್ ಕಾಡೂ ಅಲ್ಲಿಂದಲೇ ಕಾಣುತ್ತವೆ. ವಾಪಸ್ ಟ್ಯಾಕ್ಸಿಯನ್ನು ಹಿಂದಿನ ಸಂಜೆಯೇ ಮತ್ತೊಮ್ಮೆ ಖಾತ್ರಿ ಮಾಡಿಕೊಳ್ಳಿ. ಸೆರ್ಮಿಜೆಲ್‌ನಲ್ಲಿ ರೈಲುಗಳು ಕಡಿಮೆ, ಒಂದು ತಪ್ಪಿದರೆ ಮುಂದಿನದಕ್ಕೆ ಗಂಟೆಗಟ್ಟಲೆ ಕಾಯಬೇಕು. ವಿಮಾನವಿರುವ ದಿನವೇ ಗುಡ್ಡದಿಂದ ಹೊರಡುವುದು ಬೇಡ, ನಡುವೆ ಒಂದು ರಾತ್ರಿ ಪ್ಯಾರಿಸ್‌ನಲ್ಲಿ ಇರಲಿ.