ರಿಯಾಲ್ಟೊ: ನಾಣ್ಯ ಮುಟ್ಟದೆ ಹಣ ಸಾಗಿಸಿದ ಪೇಟೆ

ವೆನಿಸ್‌ನ ರೈಲು ನಿಲ್ದಾಣದೆದುರು 1ನೇ ನಂಬರಿನ ದೋಣಿ ಹತ್ತಿದರೆ ‘ರಿಯಾಲ್ಟೊ ಮೆರ್ಕಾಟೊ’ದಲ್ಲಿ ಇಳಿಯಿರಿ. ಮುಂದಿನ ‘ರಿಯಾಲ್ಟೊ’ ಎದುರು ದಡದ್ದು. ಅಲ್ಲಿಳಿದರೆ ಸೇತುವೆಯ ನೂಕುನುಗ್ಗಲು ದಾಟಿ ಬರಬೇಕು. ಹೋಗುವುದಾದರೆ ಬೆಳಿಗ್ಗೆಯೇ. ಮಧ್ಯಾಹ್ನದೊಳಗೆ ಮೀನುಕಟ್ಟೆ ಖಾಲಿ, ಭಾನುವಾರ, ಸೋಮವಾರ ಮೀನೇ ಇಲ್ಲ.

ಪೇಟೆಯ ನಡುವೆ ಸ್ಯಾನ್ ಜಾಕೊಮೊ ಚರ್ಚು. ವ್ಯಾಪಾರಿಗಳ ನ್ಯಾಯ ಸಮವಾಗಿರಲಿ, ತೂಕ ತಪ್ಪದಿರಲಿ, ಕರಾರಿನಲ್ಲಿ ಮೋಸ ಬೇಡ ಎಂದು ಅದರ ಹಿಂಭಾಗದ ಹೊರಗೋಡೆಯಲ್ಲಿ ಲ್ಯಾಟಿನ್ ಬರಹವಿದೆ. ಮುಂಭಾಗದ ದೊಡ್ಡ ಗಡಿಯಾರ ಮಾತ್ರ ತಪ್ಪು ಸಮಯಕ್ಕೇ ಹೆಸರುವಾಸಿ!

ಈ ಚೌಕದಲ್ಲೇ ಲೇವಾದೇವಿಗಾರರು ಮೇಜು ಹಾಕಿ ಕೂರುತ್ತಿದ್ದರು. ಮೆಣಸು ಕೊಂಡವನೂ ಮಾರಿದವನೂ ಒಟ್ಟಿಗೆ ಬರಬೇಕು. ಕೊಂಡವನು ಮೊತ್ತ ಬಾಯಲ್ಲಿ ಹೇಳಿದರೆ ಲೇವಾದೇವಿಗಾರ ಅವರ ಕಣ್ಣೆದುರೇ ಒಬ್ಬನ ಖಾತೆಯಲ್ಲಿ ಕಳೆದು ಇನ್ನೊಬ್ಬನಿಗೆ ಜಮೆ ಬರೆಯುತ್ತಿದ್ದ. ಚೀಟಿ ಇಲ್ಲ, ರಸೀದಿ ಇಲ್ಲ. ಆ ಪುಸ್ತಕವೇ ಕೋರ್ಟಿನಲ್ಲಿ ಸಾಕ್ಷಿ. ಸುಮಾರು 3.5 ಗ್ರಾಂ ಚಿನ್ನದ ಡುಕಾಟನ್ನು (ತೂಕದಲ್ಲಿ ನಮ್ಮ ವರಾಹಕ್ಕೆ ಹತ್ತಿರ) ಪ್ರತಿ ವ್ಯವಹಾರಕ್ಕೂ ಎಣಿಸಿ, ಸವೆತ ನೋಡಿ, ತೂಗುವ ಗೋಳು ತಪ್ಪಿತು.

ಎಡವಟ್ಟಾದದ್ದೂ ಇಲ್ಲೇ. ಠೇವಣಿಯ ಹಣವನ್ನು ಲೇವಾದೇವಿಗಾರರು ವ್ಯಾಪಾರಕ್ಕೆ ಹಾಕುತ್ತಿದ್ದರು, ಸರ್ಕಾರಕ್ಕೆ ಸಾಲ ಕೊಡುತ್ತಿದ್ದರು. ಗಾಳಿಸುದ್ದಿ ಹಬ್ಬಿ ಎಲ್ಲರೂ ಒಂದೇ ಸಲ ನಾಣ್ಯ ಕೇಳಿದರೆ ಪೆಟ್ಟಿಗೆಯಲ್ಲಿ ಅಷ್ಟು ಇರುತ್ತಿರಲಿಲ್ಲ. 1584ರಲ್ಲಿ ಪಿಸಾನಿ–ತಿಯೆಪೊಲೊ ಬ್ಯಾಂಕು ಮುಳುಗಿತು. 1587ರಲ್ಲಿ ಸರ್ಕಾರವೇ ಇಲ್ಲಿ ಬ್ಯಾಂಕು ತೆರೆಯಿತು: ಠೇವಣಿ, ವರ್ಗಾವಣೆ ಅಷ್ಟೇ, ಸಾಲ ಕೊಡುವಂತಿಲ್ಲ. 1619ರ ‘ಬ್ಯಾಂಕೊ ಜಿರೊ’ ಎಂಬ ಇನ್ನೊಂದು ಸರ್ಕಾರಿ ಬ್ಯಾಂಕು ಹುಟ್ಟಿದ್ದು ತದ್ವಿರುದ್ಧ ದಾರಿಯಲ್ಲಿ. ಬೆಳ್ಳಿ ಕೊಂಡ ಸರ್ಕಾರ ತನ್ನ ಬಾಕಿಯನ್ನೇ ಪುಸ್ತಕದಲ್ಲಿ ಜಮೆ ಬರೆದು, ಅದನ್ನು ಇತರರಿಗೆ ವರ್ಗಾಯಿಸಲು ಬಿಟ್ಟಿತು. ಜಾಣತನವೇ, ಆದರೆ ಸಾಲಗಾರನ ಕೈಗೇ ಲೆಕ್ಕದ ಪುಸ್ತಕ ಕೊಟ್ಟಂತೆ. ಆ ಬ್ಯಾಂಕಿನ ಹೆಸರಿನ ಕಮಾನುಸಾಲು ಈಗಲೂ ಇದೆ. ಅಲ್ಲೀಗ ವೈನು, ತಿಂಡಿ.

ಸೇತುವೆ (1591ರಲ್ಲಿ ಮುಗಿದದ್ದು) ದಾಟಿದರೆ ಜರ್ಮನ್ನರ ಫೊಂದಾಕೊ, ಅಂದರೆ ವ್ಯಾಪಾರಿಗಳ ವಸತಿ, ಉಗ್ರಾಣ ಎರಡೂ ಇದ್ದ ಕಟ್ಟಡ. 1505ರ ಬೆಂಕಿಯ ನಂತರ ಮತ್ತೆ ಕಟ್ಟಿದ ಈ ಕಟ್ಟಡ ಮುಂದೆ ಅಂಚೆ ಕಚೇರಿಯೂ, 2016ರಿಂದ 2025ರವರೆಗೆ ದುಬಾರಿ ಮಳಿಗೆಯೂ ಆಗಿತ್ತು. ಹಳೆಯ ಕಾಲದಲ್ಲಿ ಜರ್ಮನ್ ವ್ಯಾಪಾರಿ ಇಲ್ಲೇ ತಂಗಬೇಕು, ಬೆಳ್ಳಿ, ತಾಮ್ರ ಇಲ್ಲೇ ಇಳಿಸಬೇಕು. ನೇಮಿಸಿದ ದಲ್ಲಾಳಿ ಇಲ್ಲದೆ ವ್ಯಾಪಾರವಿಲ್ಲ. ದರ ಬರೆದುಕೊಳ್ಳುವವನೂ ಅವನೇ, ಸುಂಕ ತಪ್ಪಿಸಿಕೊಳ್ಳದಂತೆ ಕಣ್ಣಿಡುವವನೂ ಅವನೇ. ರಾತ್ರಿ ಬಾಗಿಲಿಗೆ ಬೀಗ.