ಗೆದ್ದದ್ದು ನಮ್ಮೂರ ಟೀಮು, ಗೊತ್ತಾಗಿದ್ದು ಗೋಬಿ ಬಂಡಿಗೆ

26 ಆಗಸ್ಟ್ 2022, ಶುಕ್ರವಾರ
ಕಲಬುರಗಿ

ಗುಲ್ಬರ್ಗಾ ಮಿಸ್ಟಿಕ್ಸ್ ಮಹಾರಾಜ ಟ್ರೋಫಿ ಕ್ರಿಕೆಟ್ ಕಪ್ ಗೆದ್ದಿತು. 11 ರನ್ನಿನಿಂದ. ಅದೂ ಚಿನ್ನಸ್ವಾಮಿಯಲ್ಲಿ, ಬೆಂಗಳೂರು ಬ್ಲಾಸ್ಟರ್ಸ್ ಎದುರಿಗೆ. ಬೆರಳಿಗೆ ಹತ್ತಿದ ಗೋಬಿಯ ಕೆಂಪು ಬಣ್ಣ ಸೋಪು ಹಾಕಿ ತಿಕ್ಕಿದರೂ ಹೋಗಿಲ್ಲ. ಇರಲಿ, ಇದನ್ನು ಬರೆದೇ ಮಲಗುತ್ತೇನೆ.

ಮಹಾರಾಜ ಟ್ರೋಫಿ ಅಂದರೆ ಏನು ಅಂತ ಇವತ್ತು ನಾಲ್ಕು ಮಂದಿಗೆ ಹೇಳಬೇಕಾಯಿತು, ಇಲ್ಲೂ ಹೇಳಿಬಿಡುತ್ತೇನೆ. ರಾಜ್ಯ ಕ್ರಿಕೆಟ್ ಸಂಸ್ಥೆ ಈ ವರ್ಷ ಶುರು ಮಾಡಿದ ಟಿ20 ಟೂರ್ನಿ ಇದು. ಶ್ರೀಕಂಠದತ್ತ ನರಸಿಂಹರಾಜ ಒಡೆಯರ್ ನೆನಪಿನಲ್ಲಿ ಇಟ್ಟ ಹೆಸರು. ಒಟ್ಟು ಆರು ಟೀಮು. ಬೆಂಗಳೂರು, ಮೈಸೂರು, ಹುಬ್ಬಳ್ಳಿ, ಮಂಗಳೂರು, ಶಿವಮೊಗ್ಗ, ಆಮೇಲೆ ನಾವು. ಹಿಂದೆ ಕೆಪಿಎಲ್ (ಕರ್ನಾಟಕ ಪ್ರೀಮಿಯರ್ ಲೀಗ್) ಇದ್ದಾಗ ಬಿಜಾಪುರದವರಿಗೆ ಬುಲ್ಸ್ ಇತ್ತು, ಬಳ್ಳಾರಿಯವರಿಗೆ ಟಸ್ಕರ್ಸ್ ಇತ್ತು. ನಾವು ಸುಮ್ನೆ ಪಕ್ಕದೂರಿನವರಿಗೆ ಚಪ್ಪಾಳೆ ಹೊಡೆದುಕೊಂಡು ಕೂತಿದ್ದೆವು. ಈ ಸಲ ಹೆಸರಿನಲ್ಲಾದರೂ ನಮ್ಮದೊಂದು ಟೀಮು ಬಂತು. ಊರು ಕಲಬುರಗಿ ಆಗಿದ್ದು 2014ರಲ್ಲಿ, ಟೀಮಿನವರಿಗೆ ಮಾತ್ರ ಇನ್ನೂ ಸುದ್ದಿ ಮುಟ್ಟಿದಂತಿಲ್ಲ.

ಮನೆಯಲ್ಲಿ ಟಿವಿ ಇದೆ. ಆದರೆ ಇವತ್ತು ಶ್ರಾವಣದ ಕೊನೆಯ ಶುಕ್ರವಾರ. ಅವ್ವನ ಲಕ್ಷ್ಮಿ ಪೂಜೆ, ಓಣಿಯ ಹೆಂಗಸರೆಲ್ಲ ಪಡಸಾಲೆಯಲ್ಲಿ. ಅಲ್ಲಿ ಕೂತು "ಔಟ್!" ಅಂತ ಕಿರುಚಿದ್ದರೆ ಅವ್ವ ನನ್ನನ್ನೇ ಔಟ್ ಮಾಡುತ್ತಿದ್ದಳು. ಹಾಗಾಗಿ ತಮ್ಮನನ್ನು ಕರೆದುಕೊಂಡು ಜಗತ್ ಸರ್ಕಲ್ ಹತ್ತಿರದ ಚೈನೀಸ್ ಬಂಡಿಗೆ ಹೋದೆ. ಹೊರಡುವಾಗ ಅವ್ವ ಒಳಗಿನಿಂದಲೇ ಕೂಗಿದಳು, "ಎಗ್ ರೈಸ್ ಗಿಗ್ ರೈಸ್ ತಿಂದು ಬಂದೀರಿ ಮತ್ತ! ನಾಳೆ ಅಮಾಸಿ ಅದ."

ಶ್ರಾವಣದಲ್ಲಿ ಈ ಬಂಡಿಗಳ ಲೆಕ್ಕವೇ ಬೇರೆ. ಚಿಕನ್ ಡಬ್ಬ ಅರ್ಧ ಖಾಲಿ, ಗೋಬಿ ಬುಟ್ಟಿ ಎರಡು. ಬಂಡಿ ಭಾಯಿ ಈ ತಿಂಗಳ ಮಟ್ಟಿಗೆ ಒಂದು ಕಡಾಯಿಯನ್ನೇ ಬೇರೆ ಇಟ್ಟಿದ್ದಾರೆ. "ಇದಕ್ಕ ತತ್ತಿ ಹತ್ತಿಲ್ರಿ ಅಕ್ಕಾ, ನಿಶ್ಚಿಂತಿ ತಿನ್ರಿ" ಅಂತ ಕೇಳುವ ಮೊದಲೇ ಹೇಳುತ್ತಾರೆ. ಅಡುಗೆ ಹುಡುಗ ನೇಪಾಳದವನು. ನಮ್ಮೂರಿನ ಹಿಂದಿ ಅವನಿಗೆ ಪೂರ್ತಿ ಬಂದಿದೆ, ಕನ್ನಡದಲ್ಲಿ ಸದ್ಯಕ್ಕೆ "ಖಾರ ಜಾಸ್ತಿ?" ಅಷ್ಟೇ. ಅವನ ಕೆಲಸಕ್ಕೆ ಅಷ್ಟು ಸಾಕು.

ಅವನು ಮಾಡುವುದನ್ನು ನೋಡುವುದೇ ಒಂದು ಆಟ. ಭಟ್ಟಿಯ ಉರಿ ಏರಿಸಿದ, ಬೆಂಕಿ ಕಡಾಯಿಯ ಅಂಚು ದಾಟಿ ಮೇಲೆ ಬಂತು. ಬೆಳ್ಳುಳ್ಳಿ, ಹಸಿಮೆಣಸಿನಕಾಯಿ, ಉಳ್ಳಾಗಡ್ಡಿ ಬಿದ್ದವು. ಮುಚ್ಚಳಕ್ಕೆ ತೂತು ಹೊಡೆದ ನೀರಿನ ಬಾಟಲಿಯಿಂದ ಸೋಯಾ ಸಾಸ್ ಚಿಮ್ಮಿಸಿದ. ಕಾರ್ನ್‌ಫ್ಲೋರ್ ಕಲಸಿದ ನೀರು ಒಂದು ಸೌಟು. ಕರಿದಿಟ್ಟ ಗೋಬಿ ಹಾಕಿ ಎಗರಿಸಿ ಎಗರಿಸಿ, ಸೌಟಿನಿಂದ ಕಡಾಯಿಗೆ ಟಣ್ ಟಣ್ ಬಾರಿಸಿ ಪ್ಲೇಟಿಗೆ ಸುರಿದ. ಮೇಲೆ ಹಸಿ ಕ್ಯಾಬೇಜ್. ಹಾಫ್ ಪ್ಲೇಟ್ 40 ರೂಪಾಯಿ.

ತಮ್ಮ ತನ್ನ ಮೊಬೈಲನ್ನು ವಿನೆಗರ್ ಬಾಟಲಿಗೆ ಆನಿಸಿ ಮ್ಯಾಚ್ ಹಚ್ಚಿದ. ಪ್ಲೇಟು ಹಿಡಿದವರು ಒಬ್ಬೊಬ್ಬರಾಗಿ ಬಗ್ಗಿ ನೋಡತೊಡಗಿದರು. ಆರ್‌ಸಿಬಿ ಟೀಶರ್ಟ್ ಹಾಕಿದ್ದ ಹುಡುಗನೊಬ್ಬ, "ಯಾವ ಮ್ಯಾಚ್? ಏಷ್ಯಾ ಕಪ್ ನಾಳಿಂದ ಅಲ್ಲೇನು?" ಅಂದ. ನಮ್ಮೂರ ಟೀಮು ಫೈನಲ್ ಆಡುತ್ತಿದೆ ಅಂದೆ. ಅವನು ನಂಬಲಿಲ್ಲ. ಪರದೆಯ ಮೇಲೆ ಹೆಸರು ಓದಿದ ಮೇಲೆ "ಖರೇನ!" ಅಂತ ಪಾರ್ಸೆಲ್ ಕ್ಯಾನ್ಸಲ್ ಮಾಡಿ ಅಲ್ಲೇ ನಿಂತ.

ಮೊದಲು ಆಡಿದ ನಮ್ಮವರು 220 ಹೊಡೆದರು. ದೇವದತ್ತ ಪಡಿಕ್ಕಲ್ ಅರ್ಧಶತಕ. ಕ್ಯಾಪ್ಟನ್ ಮನೀಶ್ ಪಾಂಡೆ ಕೊನೆಯಲ್ಲಿ ಬಂದು ಬೀಸಿದ ಬೀಸುವಿಕೆ ನೋಡಿ ಭಾಯಿ ಸೌಟು ಬಿಟ್ಟು ಈಚೆ ಬಂದರು. "ಮನೀಶ್ ನಮ್ಮ ಹೈದ್ರಾಬಾದ್‌ನವ್ನೇ ಅಲ್ರಿ" ಅಂದರು. ಭಾಯಿ ಐಪಿಎಲ್‌ನ ಹೈದರಾಬಾದ್ ಟೀಮು ಸನ್‌ರೈಸರ್ಸ್ ಕಡೆಯವರು. ಮನೀಶ್ ಅಲ್ಲಿ 2018ರಿಂದ 2021ರವರೆಗೆ ಆಡಿದವನು. ಆರ್‌ಸಿಬಿ ಹುಡುಗ ಬಿಡುತ್ತಾನಾ? "ಐಪಿಎಲ್‌ನಾಗ ಭಾರತದವ್ರ ಪೈಕಿ ಮೊದಲ ಸೆಂಚುರಿ ಹೊಡ್ದಾಗ ಅಂವ ಆರ್‌ಸಿಬಿದಾಗಿದ್ದ, 2009ರಾಗ. ಅದೂ ಹೈದ್ರಾಬಾದ್ ಟೀಮಿನ ಮ್ಯಾಲೇ!" ಎಂದ. ಆಗಿನ ಹೈದರಾಬಾದ್ ಟೀಮು ಡೆಕ್ಕನ್ ಚಾರ್ಜರ್ಸ್ ಬೇರೆ, ಈಗಿನ ಸನ್‌ರೈಸರ್ಸ್ ಬೇರೆ ಅಂತ ಭಾಯಿ ವಾದ ಹೂಡಿದರು. ಅಷ್ಟರಲ್ಲಿ ಕಡಾಯಿಯಲ್ಲಿ ನೂಡಲ್ಸ್ ತಳ ಹಿಡಿಯಿತು.

ಈ ಜಗಳ ನಮ್ಮೂರಿನ ಖಾಯಂ ಜಗಳ. ಬೆಂಗಳೂರು 550 ಕಿಲೋಮೀಟರಿಗೂ ಆಚೆ, ಒಂದು ರಾತ್ರಿ ರೈಲು. ಹೈದರಾಬಾದ್ 220 ಕಿಲೋಮೀಟರ್ ಆಸುಪಾಸು, ಬೆಳಿಗ್ಗೆ ಹೋಗಿ ರಾತ್ರಿ ಮನೆಗೆ ಬರಬಹುದು. ದವಾಖಾನೆಗೆ, ಮದುವೆ ಸೀರೆಗೆ, ಬಿರಿಯಾನಿಗೆ ಹೈದರಾಬಾದ್. 1956ರವರೆಗೆ ನಾವಿದ್ದದ್ದೂ ಹೈದರಾಬಾದ್ ರಾಜ್ಯದಲ್ಲೇ. ಆದರೂ ಏಪ್ರಿಲ್ ಬಂತೆಂದರೆ ಅರ್ಧ ಊರು ಕೆಂಪು ಟೀಶರ್ಟ್, ಇನ್ನರ್ಧ ಕಿತ್ತಳೆ. ನಮ್ಮ ಮನೆಯಲ್ಲೇ ನಾನು ಆ ಕಡೆ, ಕಾಕಾ ಈ ಕಡೆ. ಇವತ್ತು ಮಾತ್ರ ಎರಡೂ ಕಡೆಯವರು ಒಂದೇ ಮೊಬೈಲಿಗೆ ಬಗ್ಗಿದ್ದರು, ಬೆಂಗಳೂರು ಸೋಲಲಿ ಅಂತ. ಆರ್‌ಸಿಬಿ ಹುಡುಗನೂ! ನನಗೆ ಅದೇ ಭಾರೀ ಮಜಾ ಅನ್ನಿಸಿತು.

ಬೆಂಗಳೂರು ಸುಮ್ಮನೆ ಬಿಡಲಿಲ್ಲ. ಎಲ್ಲರಿಗೂ ಮಯಾಂಕ್ ಅಗರ್ವಾಲ್‌ನದೇ ಭಯ. ಹೊಡೆದವನು ಎಲ್.ಆರ್. ಚೇತನ್, 91 ರನ್. ಅವನು ಹೊಡೆಯುತ್ತಿದ್ದಷ್ಟು ಹೊತ್ತು ಬಂಡಿಯಲ್ಲಿ ಯಾರೂ ಆರ್ಡರ್ ಕೊಡಲಿಲ್ಲ. ನಮ್ಮ ಕಷ್ಟ ಇನ್ನೊಂದು. ಎದುರಿನ ಪಾನ್ ಡಬ್ಬಾದಲ್ಲಿ ಟಿವಿ ಇತ್ತು, ನಮ್ಮ ಮೊಬೈಲಿಗಿಂತ ಒಂದು ಬಾಲ್ ಮುಂದೆ. ಇಲ್ಲಿ ಬೌಲರ್ ಇನ್ನೂ ಓಡಿ ಬರುತ್ತಿದ್ದರೆ ಅಲ್ಲಿ "ಹೋ" ಅಂತ ಕೂಗು. ಆ ಕೂಗು ಸಿಕ್ಸರಿನದೋ ವಿಕೆಟ್ಟಿನದೋ ಅಂತ ಊಹಿಸುವುದೇ ಒಂದು ಶಿಕ್ಷೆ. ಮಳೆ ಹನಿಯತೊಡಗಿತು, ಭಾಯಿ ತಾಡಪತ್ರಿ ಎಳೆದರು. ಕೊನೆಗೆ ಪಾನ್ ಡಬ್ಬಾದವರು ಸೀಟಿ ಹೊಡೆದರು. ನಾವು ಗೆದ್ದದ್ದು ನಮಗೆ ಸೀಟಿಯಲ್ಲೇ ಗೊತ್ತಾಯಿತು, ಆಮೇಲೆ ಮೊಬೈಲಿನಲ್ಲಿ ಇನ್ನೊಮ್ಮೆ ಗೆದ್ದೆವು.

ಭಾಯಿ ಒಂದು ಫುಲ್ ಪ್ಲೇಟ್ ಗೋಬಿ ಮಾಡಿಸಿ ಎಲ್ಲರಿಗೂ ಹಂಚಿದರು, ದುಡ್ಡು ತಗೊಳ್ಳಲಿಲ್ಲ. ಮಂಚೂರಿಯನ್ ಹುಟ್ಟಿದ್ದೇ ಕ್ರಿಕೆಟ್ ಕ್ಲಬ್ಬಿನಲ್ಲಿ ಅಂತೆ ಭಾಯಿ ಅಂದೆ. ಅವರು ನಕ್ಕರು. ಖರೇ ಅಂತಾರೆ, ಕಲ್ಕತ್ತಾದಲ್ಲಿ ಹುಟ್ಟಿದ ನೆಲ್ಸನ್ ವಾಂಗ್ ಅನ್ನುವವರು 1975ರಲ್ಲಿ ಮುಂಬೈನ ಕ್ರಿಕೆಟ್ ಕ್ಲಬ್ ಆಫ್ ಇಂಡಿಯಾದಲ್ಲಿ ಅಡುಗೆ ಮಾಡುತ್ತಿದ್ದಾಗ, ಯಾರೋ ಹೊಸದು ಏನಾದರೂ ಕೊಡಿ ಅಂದದ್ದಕ್ಕೆ ಚಿಕನ್‌ನಲ್ಲಿ ಇದನ್ನು ಮಾಡಿದರಂತೆ. ನಮ್ಮ ಒಗ್ಗರಣೆ ಸಾಮಾನು, ಗರಂ ಮಸಾಲೆ ಬದಲು ಸೋಯಾ ಸಾಸ್. ಚಿಕನ್ ಹೋಗಿ ಗೋಬಿ ಬಂದದ್ದು ಆಮೇಲೆ. ನೇಪಾಳದ ಹುಡುಗ ಪೂರ್ತಿ ಕೇಳಿ, "ಚೈನಾ ಕಾ ನಹಿ ಹೈ?" ಅಂತ ಬೇಜಾರು ಮಾಡಿಕೊಂಡ.

ಒಂದು ಮಾತು ಮಾತ್ರ ಹೇಳಲೇಬೇಕು. ಈ ಟೂರ್ನಿ ಮೊದಲು ಮೈಸೂರಿನಲ್ಲಿ ನಡೆಯಿತು, ಆಮೇಲೆ ಬೆಂಗಳೂರಿನಲ್ಲಿ. ನಮ್ಮ ಹೆಸರು ಹೊತ್ತ ಟೀಮು ನಮ್ಮೂರಿನಲ್ಲಿ ಒಂದು ಮ್ಯಾಚೂ ಆಡಲಿಲ್ಲ. ನಮ್ಮ ಟೀಮಿನ ಬೌಲರ್ ವಿದ್ವತ್ ಕಾವೇರಪ್ಪ ಕೊಡಗಿನವನು, ಪಡಿಕ್ಕಲ್ ಕೇರಳದಲ್ಲಿ ಹುಟ್ಟಿ ಬೆಂಗಳೂರಲ್ಲಿ ಆಟ ಕಲಿತವನು. ಅದಕ್ಕೆ ನನ್ನ ತಕರಾರಿಲ್ಲ, ಯಾರು ಆಡಿದರೂ ನಮ್ಮವರೇ. ಆದರೆ ಎನ್.ವಿ. ಮೈದಾನದಲ್ಲಿ ಭಾನುವಾರ ನಾಲ್ಕೈದು ಮ್ಯಾಚು ಒಂದರ ಮೇಲೊಂದು ನಡೆಯುತ್ತವೆ, ಒಬ್ಬರ ಫೀಲ್ಡರ್ ಇನ್ನೊಬ್ಬರ ಪಿಚ್ ಮೇಲೆ ನಿಂತಿರುತ್ತಾನೆ. ಆ ಹುಡುಗರು ಮನೀಶ್‌ನನ್ನು ಹತ್ತಿರದಿಂದ ನೋಡುವುದು ಯಾವಾಗ? ಕಪ್ಪನ್ನಾದರೂ ಒಂದು ದಿನ ಇಲ್ಲಿಗೆ ತಂದು ಚಂದ್ರಶೇಖರ ಪಾಟೀಲ ಕ್ರೀಡಾಂಗಣದಲ್ಲಿ ಇಡಿ ಮಾರಾಯರೇ. ಜನ ಬರುತ್ತಾರೋ ಇಲ್ಲವೋ ಆಗ ನೋಡೋಣ.

ಬರುವಾಗ ರಸ್ತೆಯಲ್ಲಿ ಪಟಾಕಿ ಇಲ್ಲ, ಮೆರವಣಿಗೆ ಇಲ್ಲ. ಗಣಪತಿ ಪೆಂಡಾಲಿಗೆ ಬೊಂಬು ಕಟ್ಟುತ್ತಿದ್ದವರಿಗೆ ತಮ್ಮ ಗಾಡಿ ನಿಲ್ಲಿಸಿ "ಗುಲ್ಬರ್ಗಾ ಗೆದ್ದದ" ಅಂದ. "ಯಾವ್ದರಾಗ?" ಅಂದರು. ಕೂತು ಪೂರ್ತಿ ಹೇಳಿಯೇ ಬಂದ.

ನಾಳೆ ಅಮಾವಾಸ್ಯೆ, ಶ್ರಾವಣ ಮುಗಿಯುತ್ತದೆ. ನಾಡಿದ್ದು ದುಬೈನಲ್ಲಿ ಪಾಕಿಸ್ತಾನದ ಮ್ಯಾಚ್. ಭಾಯಿ ಬಂಡಿಗೆ ದೊಡ್ಡ ಟಿವಿ ತರಿಸುತ್ತೇನೆ ಅಂದಿದ್ದಾರೆ. ತಮ್ಮ ಆಗಲೇ ಎರಡು ಪ್ಲೇಟ್ ಚಿಕನ್ ಲಾಲಿಪಾಪಿಗೆ ಅಡ್ವಾನ್ಸ್ ಕೊಟ್ಟು ಬಂದಿದ್ದಾನೆ, ನನ್ನ ಪರ್ಸಿನಿಂದ.